ಶುಕ್ರವಾರ ರಾತ್ರಿಯ ದುನಿಯಾವು

ನಮ್ಮ ಮನೆಗೆ ಟಿವಿ ಬಂದದ್ದು 1989ರ ಬೇಸಿಗೆ ರಜೆಯಲ್ಲಿ. ಕುವೈತಿನಲ್ಲಿದ್ದ ಮಾಮ, ಅಂದರೆ ಉಮ್ಮನ ತಮ್ಮ, ಊರಿಗೆ ಬಂದಿದ್ದಾಗ ಕೊಟ್ಟ ಹಣದಿಂದ ಉಪ್ಪ ಮಂಗಳೂರಿಗೆ ಹೋಗಿ ಒಂದು ಕಪ್ಪುಬಿಳುಪು ಟಿವಿ ತಂದರು. ಮಂಜೇಶ್ವರದಿಂದ ಒಳಗಿನ ನಮ್ಮ ಊರಿನಲ್ಲಿ ಅದು ಎರಡನೆಯ ಟಿವಿ. ಅಡಿಕೆ ಮರದ ಕಂಬಕ್ಕೆ ಆಂಟೆನಾ ಕಟ್ಟಿ ಮಂಗಳೂರಿನ ಕಡೆಗೆ ತಿರುಗಿಸಿದ್ದೆವು. ಗಾಳಿ ಬೀಸಿದರೆ ನಾನು ಮಾಡಿಗೆ ಹತ್ತಬೇಕು. ಒಳಗಿನಿಂದ ತಂಗಿ "ಬಂತು, ಬಂತು, ಹೋಯಿತು" ಎಂದು ಕೂಗಬೇಕು.

ನಾನಾಗ ಕನ್ನಡ ಮಾಧ್ಯಮದ ಶಾಲೆಯಲ್ಲಿ ಎಂಟನೆಯ ತರಗತಿಗೆ ಹೋಗಬೇಕಾಗಿದ್ದ ಹುಡುಗ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ಮಲಯಾಳ, ಟಿವಿಯಲ್ಲಿ ಹಿಂದಿ. ಇವುಗಳ ನಡುವೆ ಇಂಗ್ಲಿಷಿನ ಒಂದು ಕಾರ್ಯಕ್ರಮ ನಮ್ಮ ಮನೆಗೆ ಕಡ್ಡಾಯವಾಗಿಬಿಟ್ಟಿತು. ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು: ಶುಕ್ರವಾರ ರಾತ್ರಿ ದೂರದರ್ಶನದಲ್ಲಿ ಬರುತ್ತಿದ್ದ 'ದಿ ವರ್ಲ್ಡ್ ದಿಸ್ ವೀಕ್'. ಗಡ್ಡದ ಪ್ರಣಯ್ ರಾಯ್ ಲೋಕವನ್ನೆಲ್ಲ ಸುತ್ತಿಸಿ ಕಳಿಸುತ್ತಿದ್ದರು. ಲೋಕಕ್ಕೆ ನಮ್ಮಲ್ಲಿ ದುನಿಯಾವು ಎನ್ನುತ್ತಾರಲ್ಲ, ಉಮ್ಮ ಆ ಕಾರ್ಯಕ್ರಮಕ್ಕೂ ಅದೇ ಹೆಸರಿಟ್ಟಿದ್ದರು. "ಮೋನೆ, ಇವತ್ತು ದುನಿಯಾವು ಉಂಟಲ್ಲ?" ಎಂದು ಕೇಳುತ್ತಿದ್ದರು.

ಉಪ್ಪನಿಗೂ ಉಮ್ಮನಿಗೂ ಇಂಗ್ಲಿಷ್ ಬಾರದು. ನನಗೂ ಅಷ್ಟಕ್ಕಷ್ಟೆ. ಆದರೂ ಬ್ಯಾರಿಗೆ ತಿರುಗಿಸಿ ಹೇಳುವ ಕೆಲಸ ನನ್ನದು. ಅರ್ಥವಾದದ್ದನ್ನು ಹೇಳುತ್ತಿದ್ದೆ, ಆಗದ್ದನ್ನು ಚಿತ್ರ ನೋಡಿ ಊಹಿಸುತ್ತಿದ್ದೆ. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಇಂಥ ಕಾರ್ಯಕ್ರಮಗಳು ಎಲ್ಲಿಂದ ಬಂದವು ಎಂದು ನೋಡೋಣ.

ದಿನದ ವಾರ್ತೆ ಇವತ್ತು ಏನಾಯಿತು ಎಂದು ಹೇಳಿ ಮುಗಿಸುತ್ತದೆ. ವಾರಪತ್ರಿಕೆ ಹಾಗಲ್ಲ. ನಮ್ಮ 'ಸುಧಾ', 'ತರಂಗ' ನೆನಪಿಸಿಕೊಳ್ಳಿ: ಒಂದು ಪುಟದಲ್ಲಿ ರಾಜಕೀಯ, ಇನ್ನೊಂದರಲ್ಲಿ ಅಡುಗೆ, ಮತ್ತೊಂದರಲ್ಲಿ ಸಿನಿಮಾ. ಈ ಕ್ರಮವನ್ನು ಟಿವಿಗೆ ತಂದವರಲ್ಲಿ ಬಿಬಿಸಿಯ 'ಪನೋರಮಾ' ಹಳೆಯದು, 1953ರಲ್ಲಿ ಶುರುವಾದದ್ದು. ಅಮೆರಿಕದಲ್ಲಿ ಸಿಬಿಎಸ್ ವಾಹಿನಿಯ 'ಸಿಕ್ಸ್ಟಿ ಮಿನಿಟ್ಸ್' 1968ರ ಸೆಪ್ಟೆಂಬರ್ 24ರಂದು ಆರಂಭವಾಯಿತು. ಅದರ ಮೊದಲ ಕಂತಿನಲ್ಲೇ ಅಧ್ಯಕ್ಷ ಪದವಿಯ ಅಭ್ಯರ್ಥಿಗಳಾದ ನಿಕ್ಸನ್ ಮತ್ತು ಹಂಫ್ರಿ ಹೋಟೆಲಿನ ಕೋಣೆಗಳಲ್ಲಿ ಕೂತಿದ್ದ ದೃಶ್ಯವಿತ್ತು, ಪೊಲೀಸರ ಬಗ್ಗೆ ಅಟಾರ್ನಿ ಜನರಲ್ ಜೊತೆ ಸಂದರ್ಶನವಿತ್ತು, ಮನುಷ್ಯ ಯಾಕೆ ಹೊಸದನ್ನು ಸೃಷ್ಟಿಸುತ್ತಾನೆ ಎಂಬ ಬಗ್ಗೆ ಒಂದು ಕಿರುಚಿತ್ರದ ಭಾಗವೂ ಇತ್ತು. ಅದನ್ನು ರೂಪಿಸಿದ ಡಾನ್ ಹೆವಿಟ್ ಅವರಿಗೆ 'ಲೈಫ್' ಪತ್ರಿಕೆಯೇ ಮಾದರಿ. ಗಂಭೀರವೂ ಹಗುರವೂ ಒಂದೇ ಗಂಟೆಯಲ್ಲಿ ಹೊಂದಿಕೊಳ್ಳಬೇಕು ಎಂಬುದು ಅವರ ಲೆಕ್ಕ.

ಆದರೆ ನಮ್ಮ ದೇಶದಲ್ಲಿ ಇದಕ್ಕೆ ಒಂದು ಬೇಲಿ ಇತ್ತು. ಟಿವಿ ಎಂದರೆ ದೂರದರ್ಶನ, ದೂರದರ್ಶನ ಎಂದರೆ ಸರ್ಕಾರ. ದೇಶದೊಳಗಿನ ಸುದ್ದಿಯನ್ನು ಅದು ತಾನೇ ಓದುತ್ತಿತ್ತು. 1988ರ ನವೆಂಬರಿನಲ್ಲಿ ಪ್ರಣಯ್ ರಾಯ್ ಮತ್ತು ರಾಧಿಕಾ ರಾಯ್ ಅವರ ಎನ್‌ಡಿಟಿವಿ ಹೊರಗಿನಿಂದ ಕಾರ್ಯಕ್ರಮ ಮಾಡಿಕೊಡಲು ಶುರುಮಾಡಿದಾಗ ಅವರ ಪಾಲಿಗೆ ಬಂದದ್ದು ವಿದೇಶದ ಸುದ್ದಿ. ಹೆಚ್ಚಿನ ದೃಶ್ಯಗಳೂ ಅಂತಾರಾಷ್ಟ್ರೀಯ ಸುದ್ದಿ ಸಂಸ್ಥೆಗಳಿಂದ ಬಂದವು. ಅದೇ 1988ರಲ್ಲಿ ಇಂಡಿಯಾ ಟುಡೇ ಬಳಗ 'ನ್ಯೂಸ್‌ಟ್ರ್ಯಾಕ್' ಎಂಬ ಇನ್ನೊಂದು ಸುದ್ದಿ ಪತ್ರಿಕೆ ತಂದಿತು. ಅದರಲ್ಲಿ ದೇಶದೊಳಗಿನ ಕಥೆಗಳೇ ಹೆಚ್ಚು. ಆದ್ದರಿಂದಲೇ ಅದು ಟಿವಿಯಲ್ಲಿ ಬರಲಿಲ್ಲ, ವಿಡಿಯೊ ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಹೋಯಿತು. ಬರ್ಲಿನ್ ಆಂಟೆನಾದಲ್ಲಿ ಬರಬಹುದು, ದೆಹಲಿಯ ಬೀದಿ ಮಾತ್ರ ಬಾಡಿಗೆ ಕ್ಯಾಸೆಟ್ಟಿನಲ್ಲಿ ಬರಬೇಕು!

ಬೇಲಿ ಇದ್ದರೂ ಒಳಗೆ ಬಂದದ್ದು ಕಡಿಮೆಯೇನಲ್ಲ. ನಾವು ಟಿವಿ ತಂದ ಒಂದು ವರ್ಷದಲ್ಲಿ ನಡೆದದ್ದನ್ನು ಲೆಕ್ಕ ಹಾಕಿ. 1989ರ ಜೂನ್‌ನಲ್ಲಿ ಬೀಜಿಂಗಿನ ತಿಯಾನನ್‌ಮೆನ್ ಚೌಕ. ನವೆಂಬರ್ 9ರಂದು ಬರ್ಲಿನ್ ಗೋಡೆ. ಡಿಸೆಂಬರಿನಲ್ಲಿ ರೊಮೇನಿಯಾದ ಚೌಷೆಸ್ಕು. 1990ರ ಫೆಬ್ರವರಿ 11ರಂದು ಇಪ್ಪತ್ತೇಳು ವರ್ಷಗಳ ಸೆರೆಯಿಂದ ಹೊರಬಂದ ನೆಲ್ಸನ್ ಮಂಡೇಲಾ. ಗೋಡೆಯ ಮೇಲೆ ಹತ್ತಿ ನಿಂತ ಹುಡುಗರನ್ನು ನೋಡಿ ಉಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಆಚೆ ಬದಿಯಲ್ಲೂ ಇವರ ನೆಂಟರೇ ಇರುವುದಾ?" ಗಡಿಯ ಎರಡು ಕಡೆ ನೆಂಟರಿರುವ ನಮಗೆ ಬರ್ಲಿನ್ ಅರ್ಥವಾಗಲು ಅಷ್ಟು ಸಾಕಾಗಿತ್ತು. ತಲಪಾಡಿ ದಾಟಿದರೆ ಕರ್ನಾಟಕ, ಈಚೆಗೆ ಕೇರಳ. ನಮ್ಮ ನಡುವೆ ಗೋಡೆ ಇರಲಿಲ್ಲ, ಒಂದು ಚೆಕ್‌ಪೋಸ್ಟ್ ಮಾತ್ರ ಇತ್ತು.

ಹೀಗಿರುವಾಗ 1990ರ ಆಗಸ್ಟ್ 2ರಂದು, ಒಂದು ಗುರುವಾರ, ಇರಾಕ್ ಸೇನೆ ಕುವೈತಿಗೆ ನುಗ್ಗಿತು. ಮಾಮ ಅಲ್ಲಿನ ಸಾಲ್ಮಿಯಾದಲ್ಲಿ ಒಂದು ದಿನಸಿ ಅಂಗಡಿಯಲ್ಲಿದ್ದರು. ಫೋನ್ ಇಲ್ಲ, ಕಾಗದ ಇಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದ ಆಡಿಯೊ ಕ್ಯಾಸೆಟ್ ಕೂಡ ನಿಂತಿತು. ಗಲ್ಫಿಗೆ ಹೋದವರಿದ್ದ ಮನೆಗಳಲ್ಲಿ ಆಗ ಕಾಗದದ ಬದಲು ಕ್ಯಾಸೆಟ್ ಬರುತ್ತಿದ್ದುದು ನಿಮಗೆ ಗೊತ್ತಿರಬಹುದು. ಓದು ಬಾರದ ಉಮ್ಮಂದಿರಿಗೆ ಅದೇ ಪತ್ರ. ಆಗಸ್ಟ್ ತಿಂಗಳಿಡೀ ನಮ್ಮ ಚಾವಡಿಯಲ್ಲಿ ಶುಕ್ರವಾರ ರಾತ್ರಿ ಇಪ್ಪತ್ತು ಜನ ಸೇರುತ್ತಿದ್ದರು. ಎಲ್ಲರ ಮನೆಯಿಂದಲೂ ಯಾರಾದರೊಬ್ಬರು ಅಲ್ಲಿದ್ದರು.

ತೆರೆಯ ಮೇಲೆ ಸದ್ದಾಮ್ ಹುಸೇನ್, ಅಮೆರಿಕದ ಬುಷ್, ಸೌದಿಯಲ್ಲಿ ಇಳಿಯುವ ಸೈನಿಕರು, ಏರುವ ಎಣ್ಣೆಯ ಬೆಲೆ. ಒಂದು ವಾರ ಜೋರ್ಡಾನ್ ಗಡಿಯ ಮರುಭೂಮಿ ತೋರಿಸಿದರು. ಡೇರೆಗಳು, ನೀರಿನ ಟ್ಯಾಂಕರಿನ ಸುತ್ತ ಕೈಚಾಚಿದ ಸಾವಿರಾರು ಜನ. ಉಮ್ಮ ಎದ್ದು ಟಿವಿಯ ಹತ್ತಿರ ಹೋಗಿ ನಿಂತರು. "ಮೋನೆ, ನೋಡು, ಅದರಲ್ಲಿ ಮಾಮ ಇದ್ದಾನಾ?" ಹತ್ತು ಸೆಕೆಂಡಿನಲ್ಲಿ ಚಿತ್ರ ಬದಲಾಯಿತು. ನಿರೂಪಕರು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು: ನೀರು ಸಾಲದು, ಆಹಾರ ಸಾಲದು, ರೋಗ ಹರಡುವ ಭಯವಿದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಹೇಳಿದೆ: "ಎಲ್ಲರಿಗೂ ನೀರು, ಊಟ ಕೊಡುತ್ತಿದ್ದಾರಂತೆ. ಹೆದರುವುದು ಬೇಡವಂತೆ."

ಆ ರಾತ್ರಿ ಉಮ್ಮ ತುಂಬ ದಿನಗಳ ನಂತರ ಸರಿಯಾಗಿ ಗಂಜಿ ಉಂಡರು.

ಅದೇ ಹೊತ್ತಿಗೆ ದೊಡ್ಡ ಕೆಲಸವೊಂದು ನಡೆಯುತ್ತಿತ್ತು. ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಮ್‌ರನ್ನು ಕಂಡರು. ಅವರಿಬ್ಬರ ಅಪ್ಪುಗೆಯ ಚಿತ್ರ ಲೋಕವೆಲ್ಲ ಹರಡಿ ಟೀಕೆಗೂ ಗುರಿಯಾಯಿತು. ಆದರೆ ದಾರಿ ತೆರೆಯಿತು. ಅಮ್ಮಾನಿನಿಂದ ಬೊಂಬಾಯಿಗೆ ಏರ್ ಇಂಡಿಯಾ ವಿಮಾನಗಳು 59 ದಿನಗಳಲ್ಲಿ 488 ಬಾರಿ ಹಾರಿ, ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವು. ನಾಗರಿಕ ವಿಮಾನಗಳಲ್ಲಿ ಇಷ್ಟು ಜನರನ್ನು ತೆರವು ಮಾಡಿದ ಉದಾಹರಣೆ ಅದಕ್ಕೆ ಮೊದಲು ಇರಲಿಲ್ಲ. ಆದರೆ ಟ್ಯಾಂಕುಗಳ ನಡುವೆ ಬಕೆಟ್ ಹಿಡಿದು ನಿಂತವನು ಲೋಕದ ಕ್ಯಾಮೆರಾಗಳಿಗೆ ಹತ್ತು ಸೆಕೆಂಡಿನ ಹಿನ್ನೆಲೆ ಮಾತ್ರ. ನಮ್ಮ ಚಾವಡಿಗೆ ಅದೇ ಮುಖ್ಯ ಸುದ್ದಿಯಾಗಿತ್ತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಮಾಮ ಬೊಂಬಾಯಿಯ ಬಸ್ಸಿಳಿದು ಬಂದರು. ಕೊಂಕಣ ರೈಲು ಆಗ ಇರಲಿಲ್ಲ. ಕೈಯಲ್ಲಿ ಒಂದು ರೆಕ್ಸಿನ್ ಚೀಲ, ಅದರಲ್ಲಿ ಯಾರೂ ಬದಲಿಸಿ ಕೊಡದ ದಿನಾರು. ಅಂದು ಸಂಜೆ ಜಗಲಿಯಲ್ಲಿ ಕೂತು ಕಥೆ ಹೇಳಿದರು. ಬಸ್ರಾದವರೆಗೆ ಲಾರಿ, ಬಾಗ್ದಾದಿನವರೆಗೆ ಬಸ್ಸು, ಆಮೇಲೆ ರುವೈಶಿದ್ ಗಡಿ. ಒಂದು ಬಾಟಲಿ ನೀರಿಗೆ ವಾಚ್ ಕೊಟ್ಟದ್ದು. ಜೊತೆಗಿದ್ದ ಒಬ್ಬ ಮುದುಕ ಡೇರೆಯಲ್ಲೇ ತೀರಿಕೊಂಡದ್ದು. ನಡುವೆ ನಗುವ ವಿಷಯಗಳೂ ಇದ್ದವು: ಮಲಯಾಳಿಗಳು ಮರಳಿನಲ್ಲೇ ಚಹಾದಂಗಡಿ ಹಾಕಿದ್ದು, ಪಂಜಾಬಿಯೊಬ್ಬ ರೇಡಿಯೊ ಹಿಡಿದು ಎಲ್ಲರಿಗೂ ಸುದ್ದಿ ಓದಿದ್ದು. ಗಂಭೀರವೂ ಹಗುರವೂ ಒಂದೇ ಸಂಜೆಯಲ್ಲಿ. ಸುದ್ದಿ ಪತ್ರಿಕೆ ಎಂದರೆ ಅದೇ ತಾನೆ?

ಮಾತು ಮುಗಿದಾಗ ಉಮ್ಮ ನನ್ನ ಕಡೆ ತಿರುಗಿ "ನೀನು ಬೇರೆ ಹೇಳಿದ್ದೆಯಲ್ಲ?" ಎಂದರು. ಬೈಯಲಿಲ್ಲ. ಆದರೆ ಮುಂದಿನ ವಾರದಿಂದ ನನ್ನ ಅನುವಾದ ಕೇಳಿದ ಮೇಲೆ "ಅವರು ಹೇಳಿದ್ದಾ, ನೀನು ಹೇಳಿದ್ದಾ?" ಎಂದು ಕೇಳತೊಡಗಿದರು. ಸುದ್ದಿಯ ಬಗ್ಗೆ ಆಮೇಲೆ ನಾನು ಎಷ್ಟೋ ಓದಿದ್ದೇನೆ, ಇದಕ್ಕಿಂತ ಒಳ್ಳೆಯ ಪ್ರಶ್ನೆ ಕಂಡಿಲ್ಲ. ಏನನ್ನು ಒಳಗೆ ಬಿಡಬೇಕು, ಏನನ್ನು ಹೊರಗಿಡಬೇಕು ಎಂದು ಸರ್ಕಾರ ಬೇಲಿ ಹಾಕಿತ್ತು, ಸುದ್ದಿ ಸಂಸ್ಥೆ ಆರಿಸಿತ್ತು. ಕೊನೆಗೆ ಹದಿನಾಲ್ಕು ವರ್ಷದ ನಾನೂ ಆರಿಸಿದ್ದೆ.

ಇನ್ನೊಂದು ವಿಷಯವನ್ನು ನಾವೆಲ್ಲ ಸೇರಿಯೇ ಹೊರಗಿಟ್ಟಿದ್ದೆವು. ಅಕ್ಕನನ್ನು ಪೆರ್ಲದ ಕಡೆಗೆ ಮದುವೆ ಮಾಡಿಕೊಟ್ಟಿದ್ದರು. ಅಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಬಂದಾಗ ಮಕ್ಕಳು ಓಡಿ ಹೋಗಿ ಕೈಬೀಸುತ್ತಿದ್ದರು. ನಾನೂ ಬೀಸಿದ್ದೇನೆ. ಟಿವಿಯಲ್ಲಿ ಕಂಡ ಹೆಲಿಕಾಪ್ಟರ್ ತಲೆಯ ಮೇಲೆಯೇ ಬಂತು ಎಂಬ ಸಂತೋಷ! ಅದು ಸುರಿಯುತ್ತಿದ್ದದ್ದು ಎಂಡೋಸಲ್ಫಾನ್. 1970ರ ದಶಕದ ಕೊನೆಯಿಂದ 2000ದವರೆಗೆ ಅದು ಕಾಸರಗೋಡಿನ ಗುಡ್ಡಗಳ ಮೇಲೆ, ಅವುಗಳ ಬುಡದ ಸುರಂಗ, ತೋಡು, ಬಾವಿಗಳ ಮೇಲೆ ಬಿತ್ತು. ಎಣ್ಮಕಜೆಯ ಪಡ್ರೆ, ವಾಣೀನಗರ, ಸ್ವರ್ಗ ಎಂಬ ಕನ್ನಡದ ಊರುಗಳಲ್ಲಿ ಹುಟ್ಟಿದ ಮಕ್ಕಳ ಸ್ಥಿತಿ ಏನಾಯಿತೆಂದು ಇಂದು ಎಲ್ಲರಿಗೂ ಗೊತ್ತು. ಪತ್ರಕರ್ತ ಶ್ರೀಪಡ್ರೆ, ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಮೊದಲಾದವರು ಹೇಳುತ್ತಲೇ ಇದ್ದರು. ಆದರೆ ಬೀಜಿಂಗಿನ ಚೌಕದ ಹೆಸರು ಬಾಯಿಪಾಠವಾಗಿದ್ದ ನನಗೆ ಪಡ್ರೆಯಲ್ಲಿ ಏನಾಗುತ್ತಿದೆ ಎಂದು ತಿಳಿದಿರಲಿಲ್ಲ. ಅದು ಸುದ್ದಿ ಎಂದೇ ನಮಗೆ ಅನಿಸಿರಲಿಲ್ಲ.

ಬೇಲಿ ನಿಧಾನವಾಗಿ ಬಿತ್ತು. 1995ರ ಫೆಬ್ರವರಿಯಲ್ಲಿ ಕ್ರಿಕೆಟ್ ಪ್ರಸಾರದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಗಾಳಿಯ ತರಂಗಗಳು ಸಾರ್ವಜನಿಕರ ಸೊತ್ತು ಎಂದಿತು. ಅಷ್ಟರಲ್ಲಿ ಕೇಬಲ್ ನಮ್ಮೂರಿಗೂ ಬಂದಿತ್ತು, ಒಂದು ಗುಂಡಿ ಒತ್ತಿದರೆ ಉದಯ, ಇನ್ನೊಂದಕ್ಕೆ ಏಷ್ಯಾನೆಟ್. ಏಷ್ಯಾನೆಟ್‌ನಲ್ಲಿ ಟಿ.ಎನ್. ಗೋಪಕುಮಾರ್ ನಡೆಸುತ್ತಿದ್ದ 'ಕಣ್ಣಾಡಿ' ಎಂಬ ವಾರದ ಕಾರ್ಯಕ್ರಮ ಉಮ್ಮನಿಗೆ ಇಷ್ಟವಾಯಿತು. ಮಲಯಾಳದ ಕಣ್ಣಾಡಿ ನಮ್ಮ ಕನ್ನಡಿಯೇ. ಅದರಲ್ಲಿ ಅಧ್ಯಕ್ಷರಿಲ್ಲ, ಟ್ಯಾಂಕುಗಳಿಲ್ಲ. ಕಾಯಿಲೆ ಬಿದ್ದವರು, ಕೆಲಸ ಕಳೆದುಕೊಂಡವರು, ಯಾರೂ ಕೇಳದವರು ಇದ್ದರು. ನೋಡಿದವರು ಅವರಿಗೆ ಹಣವನ್ನೂ ಕಳಿಸುತ್ತಿದ್ದರು. ಉಮ್ಮನಿಗೆ ಅದಕ್ಕೆ ಅನುವಾದಕ ಬೇಕಾಗಿರಲಿಲ್ಲ. ನನಗೆ ಸ್ವಲ್ಪ ಬೇಸರವೇ ಆಯಿತು ಎಂದು ಈಗ ಒಪ್ಪಿಕೊಳ್ಳಬಹುದು.

2000ದ ನಂತರ ಕ್ಯಾಮೆರಾಗಳು ಎಣ್ಮಕಜೆಗೂ ಬಂದವು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ನಿಲ್ಲಿಸಿತು. ಸುದ್ದಿ ಅಲ್ಲಿಗೆ ತಲುಪಲು ತೆಗೆದುಕೊಂಡ ಕಾಲದಲ್ಲಿ ಒಂದು ತಲೆಮಾರು ಹುಟ್ಟಿ ಬೆಳೆದಿತ್ತು.

'ದಿ ವರ್ಲ್ಡ್ ದಿಸ್ ವೀಕ್' ಬಗ್ಗೆ ನನಗೆ ದೂರಿಲ್ಲ. ನಕ್ಷೆಯಲ್ಲಿ ಸರಾಯೆವೊ ಎಲ್ಲಿದೆ ಎಂದು ನನಗೆ ಕಲಿಸಿದ್ದು ಅದು. ಇಂಗ್ಲಿಷ್ ಕಲಿಯಲೇಬೇಕು ಎಂಬ ಹಟ ಹುಟ್ಟಿಸಿದ್ದೂ ಅದೇ. ಬೇಸರ ಇರುವುದು ನನ್ನ ಬಗ್ಗೆ. ಮಾಮ ತೀರಿಕೊಂಡು ಕೆಲವು ವರ್ಷಗಳಾದವು. ಅಂದು ಜಗಲಿಯಲ್ಲಿ ಹೇಳಿದ್ದನ್ನು ನಾನು ಬರೆದಿಡಲಿಲ್ಲ. ಡೇರೆಯಲ್ಲಿ ತೀರಿಕೊಂಡ ಆ ಮುದುಕನ ಹೆಸರು, ಊರು ಎರಡನ್ನೂ ಅವರು ಹೇಳಿದ್ದರು. ಎರಡೂ ಮರೆತಿವೆ. 1990ರಲ್ಲಿ ಹಾಗೆ ಬಂದವರು ನಿಮ್ಮ ಮನೆಯಲ್ಲೂ ಇರಬಹುದು. ಇದ್ದರೆ ಅವರ ಪಕ್ಕ ಕೂತು ಕೇಳಿ, ಅವರು ಹೇಳಿದ್ದನ್ನೇ ಬರೆಯಿರಿ. ನಾನು ಮಾಡಿದ ಹಾಗೆ ನಡುವೆ ನಿಮ್ಮ ಮಾತು ಸೇರಿಸಬೇಡಿ.