ಮುಂಬಯಿ ಬಂದರಿನ ಅರವತ್ತಾರು ಮಂದಿ

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ 'ಫೋರ್ಟ್ ಸ್ಟಿಕೀನ್' ಎಂಬ ಹಡಗು ಸಿಡಿಯಿತು. ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ್ದ ಕನ್ನಡಿಗರ ಮನೆಗಳಲ್ಲಿ ಈ ಕತೆಯನ್ನು ಹಿರಿಯರ ಬಾಯಿಂದ ಕೇಳಿದವರು ನಮ್ಮ ಬಂಧುಗಳಲ್ಲೂ ಇರಬಹುದು. ಅದರಲ್ಲಿ ಹೆಚ್ಚಾಗಿ ಬರುವುದು ಆಕಾಶದಿಂದ ಬಿದ್ದ ಚಿನ್ನದ ಗಟ್ಟಿಗಳ ಮಾತು. ಹಡಗಿನಲ್ಲಿ 31 ಪೆಟ್ಟಿಗೆ ಚಿನ್ನವಿದ್ದದ್ದು ನಿಜ. ಆದರೆ ಬೆಂಕಿಯೆದುರು ನಿಂತು ಪ್ರಾಣ ತೆತ್ತ 66 ಮಂದಿ ಅಗ್ನಿಶಾಮಕರ ಮಾತು ಅಷ್ಟಾಗಿ ಬರುವುದಿಲ್ಲ.

ಅದು ಎರಡನೆಯ ಮಹಾಯುದ್ಧದ ಕಾಲ. ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಜೊತೆಗೆ ಕರಾಚಿಯಲ್ಲಿ ಹೇರಿದ ಸುಮಾರು 8,700 ಬೇಲ್ ಹತ್ತಿ. ರಸಾಯನಶಾಸ್ತ್ರವನ್ನು ವೃತ್ತಿಯಾಗಿ ಹಿಡಿದ ನಮಗೆ ಈ ಪಟ್ಟಿಯನ್ನು ಓದಿದರೇ ಎದೆ ನಡುಗುತ್ತದೆ. ಒತ್ತಿ ಕಟ್ಟಿದ ಹತ್ತಿಗೆ ಕಿಡಿ ತಗುಲಿದರೆ ಅದು ಒಳಗೊಳಗೇ ಉರಿಯುತ್ತದೆ. ಹಸಿ ಹತ್ತಿಯ ಎಳೆಗಳ ಮೇಲೆ ಮೇಣದ ಲೇಪವಿರುವುದರಿಂದ ನೀರು ಬೇಗ ಇಳಿಯದು. ಸ್ಫೋಟಕಕ್ಕಾದರೋ ಹೊರಗಿನ ಗಾಳಿಯೇ ಬೇಡ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಎಂದಮೇಲೆ ಗಾಳಿ ಕಟ್ಟಿ ಆರಿಸುವಂತಿಲ್ಲ, ನೀರು ಹಾಯಿಸಿ ತಣಿಸಬೇಕು, ಅಷ್ಟೆ.

ಅಗ್ನಿಶಾಮಕರು ಮಾಡಿದ್ದೂ ಅದನ್ನೇ. ಮಧ್ಯಾಹ್ನ ಸುಮಾರು ಎರಡು ಗಂಟೆಗೆ ಬೆಂಕಿಯ ಸುದ್ದಿ ತಿಳಿಯಿತು. 900 ಟನ್ನಿಗೂ ಹೆಚ್ಚು ನೀರನ್ನು ಹಡಗಿನೊಳಕ್ಕೆ ಸುರಿದರು. ದಟ್ಟ ಹೊಗೆಯಲ್ಲಿ ಬೆಂಕಿಯ ಮೂಲ ಕಾಣಲಿಲ್ಲ. ಸುರಿದ ನೀರೇ ಕುದಿಯತೊಡಗಿತು. 3.50ಕ್ಕೆ ಹಡಗನ್ನು ಬಿಟ್ಟಿಳಿಯಲು ಅಪ್ಪಣೆಯಾಯಿತು. 4.06ಕ್ಕೆ ಮೊದಲ ಸ್ಫೋಟ. ಹಡಗು ಎರಡು ತುಂಡಾಯಿತು. ಹನ್ನೆರಡು ಕಿಲೋಮೀಟರ್ ಆಚೆಯ ಕಿಟಕಿಗಾಜುಗಳೂ ಒಡೆದವು. ಅರ್ಧ ಗಂಟೆಯೊಳಗೆ ಎರಡನೆಯದು. ಕೊಲಾಬಾ ವೀಕ್ಷಣಾಲಯದ ಭೂಕಂಪಮಾಪಕದಲ್ಲಿ ಆ ಅದುರು ದಾಖಲಾಯಿತು. ನೂರಾರು ಕಾರ್ಮಿಕರೂ ನಾಗರಿಕರೂ ಸತ್ತರು.

ಯುದ್ಧಕಾಲದ ಸೆನ್ಸಾರಿನಿಂದಾಗಿ ವರದಿಗಾರರು ಈ ಸುದ್ದಿಯನ್ನು ಕಳುಹಿಸಲು ಮೇ ತಿಂಗಳ ಎರಡನೆಯ ವಾರದವರೆಗೆ ಕಾಯಬೇಕಾಯಿತು. ಸತ್ತವರ ಹೆಸರುಗಳು ಜನಮನದಲ್ಲಿ ಉಳಿಯದಿರಲು ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ರಣರಂಗದ ಶೂರರನ್ನು ನಾವು ಹಾಡಿ ಹೊಗಳುತ್ತೇವೆ, ತಪ್ಪಿಲ್ಲ. ಈ 66 ಮಂದಿಯ ಕೈಯಲ್ಲಿ ಆಯುಧವಿರಲಿಲ್ಲ, ನೀರಿನ ಕೊಳವೆಯಿತ್ತು. ಆದರೆ ಅವರನ್ನು ಹೊಗಳಿ ಸುಮ್ಮನಾದರೆ ಸಾಲದು. ಹತ್ತಿಯನ್ನೂ ಮದ್ದುಗುಂಡನ್ನೂ ಒಂದೇ ಒಡಲಿನಲ್ಲಿ ತುಂಬಿದವರು ಬೇರೆ, ಅದಕ್ಕೆ ಬೆಲೆ ತೆತ್ತವರು ಬೇರೆ. ಅವರ ಧೈರ್ಯವನ್ನು ಕೊಂಡಾಡುವ ಭರದಲ್ಲಿ ಈ ಅಜಾಗರೂಕತೆಯನ್ನು ಮರೆಯಬಾರದು.

ಭಾರತದಲ್ಲಿ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತಾರೆ. 20ರವರೆಗೆ ಸಪ್ತಾಹ ನಡೆಯುತ್ತದೆ. ನಮ್ಮಲ್ಲಿ ಬಿಸು ಹಬ್ಬಕ್ಕೆ ಕಣಿ ಇಡುವವರಿದ್ದಾರೆ, ಅಂಬೇಡ್ಕರ್ ಜಯಂತಿಗೆ ಸೇರುವವರಿದ್ದಾರೆ. ಅದೇ ದಿನಗಳಲ್ಲಿ ಮಕ್ಕಳಿಗೆ ಈ ಅರವತ್ತಾರು ಮಂದಿಯ ಕತೆಯನ್ನೂ ಹೇಳಬೇಕೆಂದು ವಾಚಕರಲ್ಲಿ ನಮ್ಮ ವಿನಂತಿ.