ಧಮನಿಯೊಳಗಿನ ಗಾಳಿ

ಮೊನ್ನೆ ಒಂದು ಸಂಜೆ ನನ್ನ ಮೊಮ್ಮಗ ವಿಜ್ಞಾನದ ಪಠ್ಯಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೊಂದು ಪ್ರಶ್ನೆ ಕೇಳಿದ. "ತಾತ, ಅಪಕೀರ್ತಿ ಅಂದರೆ ಕೆಟ್ಟ ಹೆಸರು, ಅಪಶಕುನ ಅಂದರೆ ಕೆಟ್ಟ ಶಕುನ. ಹಾಗಿದ್ದ ಮೇಲೆ ಒಳ್ಳೆಯ ರಕ್ತ ಹರಿಯೋ ನಾಳಕ್ಕೆ ಅಪಧಮನಿ ಅಂತ ಯಾಕೆ ಹೆಸರಿಟ್ಟರು?" ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನು ನಾನು. ಉಪಸರ್ಗಗಳ ಅರ್ಥವನ್ನು ಎಷ್ಟು ತರಗತಿಗಳ ಮುಂದೆ ಒಪ್ಪಿಸಿದ್ದೇನೋ ಲೆಕ್ಕವಿಲ್ಲ. ಆದರೂ ಆ ಹುಡುಗನಿಗೆ ಒಡನೆ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಅವನು ಪುಸ್ತಕ ಮಡಿಸಿಟ್ಟು ಆಟಕ್ಕೆ ಓಡಿದ. ಪ್ರಶ್ನೆ ನನ್ನ ಬಳಿಯೇ ಉಳಿಯಿತು. ಅದರ ಬೆನ್ನುಹತ್ತಿ ಹೋದಾಗ ಕಂಡದ್ದನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ.

ನಮ್ಮ ಮನೆಮಾತಿನಲ್ಲಿ ಈ ತೊಡಕೇ ಇಲ್ಲ. ಮುಂಗೈಯ ಮೇಲೆ ಹಸಿರಾಗಿ ಎದ್ದು ಕಾಣುವುದೂ ನರ, ಕುತ್ತಿಗೆಯಲ್ಲಿ ಮಿಡಿಯುವುದೂ ನರ, ಹಿಡಿದುಕೊಂಡು ನೋಯುವುದೂ ನರ. ತಮಿಳಿನ ನರಂಬು ಇದರ ಒಡಹುಟ್ಟು. ಹೊಸ ವೈದ್ಯ ಕನ್ನಡದಲ್ಲಿ ಬರೆಯತೊಡಗಿದಾಗ ಈ ಹಳೆಯ ಮಾತನ್ನು ಮಿದುಳಿಗೆ ಸುದ್ದಿ ಮುಟ್ಟಿಸುವ ತಂತುಗಳಿಗೆ ಮೀಸಲಿಟ್ಟರು. ಶಾಸ್ತ್ರಕ್ಕೆ ಅದು ಅನಿವಾರ್ಯವೇ ಇರಬಹುದು. ಆದರೆ ಜನ ತಮ್ಮ ಮಾತನ್ನು ಬಿಟ್ಟುಕೊಡಲಿಲ್ಲ. ನನ್ನ ಅಕ್ಕ ಒಮ್ಮೆ ಆಸ್ಪತ್ರೆಯೊಂದಕ್ಕೆ ಹೋಗಿ "ಕಾಲಿನ ನರ ಗಂಟುಕಟ್ಟಿ ನೋಯುತ್ತದೆ" ಎಂದಳು. ಅಲ್ಲಿದ್ದ ಎಳೆಯ ವೈದ್ಯರು ನರದೌರ್ಬಲ್ಯವೆಂದು ಮಾತ್ರೆ ಬರೆದುಕೊಟ್ಟರು. ಸೀರೆಯನ್ನು ಸರಿಸಿ ಕಾಲು ತೋರಿಸಲು ಆಕೆಗೆ ಸಂಕೋಚ. ಬಿಡಿಸಿ ಕೇಳಲು ಅವರಿಗೆ ಬಿಡುವಿಲ್ಲ. ಉಬ್ಬಿದ್ದುದು ರಕ್ತನಾಳವೆಂಬುದು ಗೊತ್ತಾಗುವ ವೇಳೆಗೆ ಆರು ತಿಂಗಳು ಕಳೆದು, ಹಿಮ್ಮಡಿಯ ಮೇಲೆ ಹುಣ್ಣಾಗಿತ್ತು. ಇಬ್ಬರೂ ಆಡಿದ್ದು ಕನ್ನಡವನ್ನೇ. ಹೆಸರುಗಳ ಚರ್ಚೆ ಪಂಡಿತರ ಕಾಲಹರಣವೆಂದು ಯಾರಾದರೂ ಅಂದಾಗ ನನಗೆ ಆ ಹುಣ್ಣಿನ ನೆನಪಾಗುತ್ತದೆ.

ಇರಲಿ, ಪಠ್ಯಪುಸ್ತಕದ ಮಾತಿಗೆ ಬರೋಣ. ಹೃದಯದಿಂದ ರಕ್ತವನ್ನು ಹೊರಕ್ಕೆ ಒಯ್ಯುವ ನಾಳ ಅಪಧಮನಿ. ಹೃದಯಕ್ಕೆ ರಕ್ತವನ್ನು ಮರಳಿ ತರುವ ನಾಳ ಅಭಿಧಮನಿ. ಎರಡಕ್ಕೂ ಒಡಲಾಗಿರುವ ಮಾತು ಧಮನಿ. ಸಂಸ್ಕೃತದಲ್ಲಿ ಅದರ ಧಾತು 'ಧ್ಮಾ', ಎಂದರೆ ಊದು. ಅಕ್ಕಸಾಲಿ ಕುಲುಮೆಯನ್ನು ಊದುವುದು, ಶಂಖವನ್ನು ಊದುವುದು, ಎಲ್ಲವೂ ಇದೇ ಧಾತುವಿನ ಸಂಸಾರ. ಋಗ್ವೇದದಲ್ಲಿ ಧಮನಿಯೆಂದರೆ ಊದುವಿಕೆಯೇ ಹೊರತು ಮೈಯೊಳಗಿನ ನಾಳವಲ್ಲ. ಅಥರ್ವವೇದಕ್ಕೆ ಬಂದರೆ ಅದು ಮೈಯನ್ನು ಹೊಕ್ಕಿರುತ್ತದೆ: ಸೋರುವ ರಕ್ತವನ್ನು ತಡೆಯುವ ಒಂದು ಮಂತ್ರದಲ್ಲಿ ನೂರು ಧಮನಿಗಳೂ ಸಾವಿರ 'ಹಿರಾ'ಗಳೂ ಒಟ್ಟಿಗೆ ಬರುತ್ತವೆ. ಈ ಹಿರಾ ಎಂಬುದೇ ಮುಂದೆ ಸಿರಾ ಆಯಿತು. ನಮ್ಮ ಅಡಿಗೆಮನೆಯ ಊದುಗೊಳವೆಯನ್ನು ಎದೆಯೊಳಗೆ ಇಟ್ಟುಕೊಂಡು ಯೋಚಿಸಿದರೆ ಧಮನಿಯೆಂಬ ಮಾತಿನ ಮೂಲಚಿತ್ರ ಸಿಕ್ಕೀತು.

ಚರಕಸಂಹಿತೆಯ ಸೂತ್ರಸ್ಥಾನ ಈ ಮಾತುಗಳ ನಿರುಕ್ತಿಯನ್ನು ಹೇಳುತ್ತದೆ: ಧ್ಮಾನದಿಂದ ಧಮನಿ, ಸ್ರವಣದಿಂದ ಸ್ರೋತಸ್ಸು, ಸರಣದಿಂದ ಸಿರಾ. ಹನ್ನೊಂದನೆಯ ಶತಮಾನದ ವ್ಯಾಖ್ಯಾನಕಾರ ಚಕ್ರಪಾಣಿದತ್ತ ಇಲ್ಲಿಯ ಧ್ಮಾನಕ್ಕೆ 'ತುಂಬುವುದು' ಎಂದು ಅರ್ಥ ಹೇಳಿ, ರಸ ಮೊದಲಾದವು ತುಂಬುವುದರಿಂದ ಅದು ಧಮನಿಯೆಂದು ವಿವರಿಸುತ್ತಾನೆ. ಗಾಳಿ ಸದ್ದಿಲ್ಲದೆ ಹೊರಬಿತ್ತು, ಹೆಸರು ಮಾತ್ರ ಅಲ್ಲಾಡಲಿಲ್ಲ. ನಮ್ಮ ವ್ಯಾಖ್ಯಾನಕಾರರ ಮೇಲೆ ನನಗೆ ಬಹಳ ಗೌರವ. ಆದರೆ ಹೀಗೆ ಅರ್ಥವನ್ನು ಹಿಗ್ಗಿಸಿ ಹೆಸರನ್ನು ಉಳಿಸಿಕೊಳ್ಳುವ ಜಾಣ್ಮೆಯಲ್ಲಿ ಒಂದು ನಷ್ಟವೂ ಇದೆ: ಜಗಳವಾಗುವುದಿಲ್ಲ, ಜಗಳವಾಗದಿದ್ದರೆ ಯಾರೂ ನಾಳವನ್ನು ಬಿಚ್ಚಿ ನೋಡಬೇಕಾಗಿಲ್ಲ.

ಸುಶ್ರುತ ಬಿಚ್ಚಿ ನೋಡಿದವನೇ. ಹೆಣವನ್ನು ಹುಲ್ಲಿನಲ್ಲಿ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಕೊಳೆತ ತೊಗಲನ್ನು ಕುಂಚದಿಂದ ಮೆಲ್ಲಗೆ ಉಜ್ಜಿ ಒಳಗಿನದನ್ನು ಕಾಣಬೇಕೆಂದು ಅವನ ವಿಧಿ. ಸಿರಾ ಏಳುನೂರು, ಧಮನಿ ಇಪ್ಪತ್ತನಾಲ್ಕು, ಎಲ್ಲವೂ ಹೊಕ್ಕುಳಿನಿಂದ ಹೊರಡುತ್ತವೆ ಎಂಬುದು ಅವನ ಲೆಕ್ಕ. ಚರಕನ ಹತ್ತು ಮಹಾನಾಳಗಳು ಹುಟ್ಟುವುದಾದರೋ ಹೃದಯದಲ್ಲಿ. ಸಿರಾ, ಧಮನಿ, ಸ್ರೋತಸ್ಸು ಮೂರೂ ಒಂದೇ ಎಂದು ವಾದಿಸುವವರು ಸುಶ್ರುತನ ಕಾಲದಲ್ಲೇ ಇದ್ದರು. ಅವನು ಅದನ್ನು ಒಪ್ಪದೆ, ಲಕ್ಷಣ ಬೇರೆ, ಕೆಲಸ ಬೇರೆ ಎಂದು ಬೇರ್ಪಡಿಸಿದ. ಆದರೂ ಅವನ ಧಮನಿಗಳು ಶಬ್ದ, ರೂಪ, ಗಂಧಗಳನ್ನೂ ಉಸಿರನ್ನೂ ಹೊರುತ್ತವೆ. ಇಂದಿನ ಆರ್ಟರಿಗೆ ಅದು ಸರಿಹೊಂದುವ ಮಾತಲ್ಲ. ಅಲ್ಲಿಂದ ಇಲ್ಲಿಗೆ ನೇರವಾಗಿ ಗೆರೆ ಎಳೆಯುವುದು ಸಲ್ಲದು.

ಹೆಸರಿನೊಳಗೆ ಗಾಳಿ ಸೇರಿಕೊಂಡದ್ದು ನಮ್ಮಲ್ಲಿ ಮಾತ್ರವಲ್ಲ. ಆರ್ಟರಿ ಎಂಬ ಇಂಗ್ಲಿಷ್ ಮಾತು ಗ್ರೀಕರ 'ಆರ್ಟೀರಿಯಾ'ದಿಂದ ಬಂದದ್ದು. ಮೇಲಕ್ಕೆತ್ತು, ತೂಗುಹಾಕು ಎಂಬ ಅರ್ಥದ ಕ್ರಿಯಾಪದದಿಂದ ಅದು ಹುಟ್ಟಿರಬಹುದೆಂದು ಭಾಷಾಶಾಸ್ತ್ರಜ್ಞರ ಊಹೆ. ಗಾಳಿಯನ್ನು ಕಾಯ್ದಿಡುವುದರಿಂದ ಆ ಹೆಸರೆಂದು ಪ್ರಾಚೀನರು ಹೇಳುತ್ತಿದ್ದರು. ವ್ಯುತ್ಪತ್ತಿ ಹೇಗೇ ಇರಲಿ, ಅರಿಸ್ಟಾಟಲನ ಬರವಣಿಗೆಯಲ್ಲಿ ಆರ್ಟೀರಿಯಾ ಎಂದರೆ ಗಂಟಲಿನ ಶ್ವಾಸನಾಳ. ರಕ್ತದ ನಾಳಗಳಿಗೆಲ್ಲ ಅವನಲ್ಲಿ 'ಫ್ಲೆಪ್ಸ್' ಎಂಬ ಒಂದೇ ಹೆಸರು, ನಮ್ಮ ನರದ ಹಾಗೆ.

ಶ್ವಾಸನಾಳದ ಹೆಸರು ರಕ್ತನಾಳಕ್ಕೆ ದಾಟಿಕೊಂಡ ಕತೆ ಸ್ವಾರಸ್ಯವಾದದ್ದು. ಕ್ರಿ.ಪೂ. 4ನೆಯ ಶತಮಾನದಲ್ಲಿ ಕಾಸ್ ದ್ವೀಪದ ಪ್ರಾಕ್ಸಾಗೊರಾಸ್ ಎಂಬ ವೈದ್ಯ ನಾಳಗಳಲ್ಲಿ ಎರಡು ಬಗೆಯುಂಟೆಂದು ಗುರುತಿಸಿದ. ಮಿಡಿಯುವವು ಒಂದು ಬಗೆ, ಮಿಡಿಯದವು ಇನ್ನೊಂದು. ಮಿಡಿಯುವ ನಾಳಗಳಲ್ಲಿರುವುದು ರಕ್ತವಲ್ಲ, 'ನ್ಯೂಮ', ಎಂದರೆ ಪ್ರಾಣವಾಯು ಎಂದು ಅವನ ಮತ. ಹೀಗೆ ಆ ನಾಳಗಳೂ ಆರ್ಟೀರಿಯಾ ಆದವು. ಒಂದೇ ಹೆಸರಿಗೆ ಇಬ್ಬರು ಒಡೆಯರಾದಾಗ ಶ್ವಾಸನಾಳವನ್ನು 'ಟ್ರಕೀಯ ಆರ್ಟೀರಿಯಾ', ಒರಟು ಗಾಳಿಕೊಳವೆ, ಎಂದು ಬೇರೆಯಾಗಿ ಕರೆದರು. ಅದರ ಮೃದ್ವಸ್ಥಿಯ ಬಳೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದವರಿಗೆ ಆ ವಿಶೇಷಣದ ಔಚಿತ್ಯ ತಿಳಿಯುತ್ತದೆ. ಕಾಲಕ್ರಮದಲ್ಲಿ ನಾಮಪದವನ್ನು ರಕ್ತನಾಳ ಎತ್ತಿಕೊಂಡು ಹೋಯಿತು. ಹೆಸರಿನ ನಿಜವಾದ ಒಡೆಯನಾದ ಶ್ವಾಸನಾಳಕ್ಕೆ ಉಳಿದದ್ದು ಬರಿಯ ವಿಶೇಷಣ. ಇಂದು ವೈದ್ಯರು ಟ್ರೇಕಿಯ ಎಂದಾಗ 'ಒರಟು' ಎಂದಷ್ಟೇ ಹೇಳುತ್ತಿರುತ್ತಾರೆ. ಯಾವುದು ಒರಟು ಎಂದು ಕೇಳುವವರಿಲ್ಲ.

ಪ್ರಾಕ್ಸಾಗೊರಾಸನನ್ನು ನೋಡಿ ನಗುವುದು ಸುಲಭ. ಆದರೆ ಅವನ ಕಾಲದವರು ಸತ್ತ ಪ್ರಾಣಿಗಳನ್ನು ಬಿಚ್ಚಿದಾಗ ಕಂಡದ್ದೇನು? ಸಾವಿನ ಬಳಿಕ ಅಪಧಮನಿಯ ದಪ್ಪ ಗೋಡೆ ಕುಗ್ಗಿ, ಒಳಗಿದ್ದ ರಕ್ತವನ್ನು ಅಭಿಧಮನಿಗಳ ಕಡೆಗೆ ತಳ್ಳಿಬಿಡುತ್ತದೆ. ಬಿಚ್ಚಿದ ಕೈಗೆ ಸಿಗುವುದು ಹೆಚ್ಚುಕಡಮೆ ಬರಿದಾದ, ಆದರೂ ಕೊಳವೆಯಂತೆ ಬಾಯ್ದೆರೆದು ನಿಂತ ನಾಳ. ಅದರಲ್ಲಿ ಗಾಳಿಯಿದ್ದಿರಬೇಕೆಂದದ್ದು ಕಣ್ಣು ಮುಚ್ಚಿಕೊಂಡು ಆಡಿದ ಮಾತಲ್ಲ. ಕಣ್ಣು ತೆರೆದು, ಹೆಣವನ್ನು ನೋಡಿ ಆಡಿದ ಮಾತು.

ಮುಂದಿನ ಶತಮಾನದಲ್ಲಿ ಎರಾಸಿಸ್ಟ್ರಾಟಸ್ ಈ ಮತವನ್ನು ಇನ್ನಷ್ಟು ಬಿಗಿಗೊಳಿಸಿದ. ಬದುಕಿರುವವನ ಅಪಧಮನಿಯನ್ನು ಕೊಯ್ದರೆ ರಕ್ತ ಚಿಮ್ಮುತ್ತದಲ್ಲ, ಅದು ಹೇಗೆ? ಅವನ ಸಮಾಧಾನ ಹೀಗೆ: ಕೊಯ್ದೊಡನೆ ನ್ಯೂಮ ಹಾರಿಹೋಗುತ್ತದೆ, ಪ್ರಕೃತಿ ಶೂನ್ಯವನ್ನು ಸಹಿಸದು, ಆದ್ದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕೂಡುಬಾಯಿಗಳ ಮೂಲಕ ಪಕ್ಕದ ಅಭಿಧಮನಿಯ ರಕ್ತ ನುಗ್ಗಿಬರುತ್ತದೆ. ತಪ್ಪಾದರೂ ಎಂಥ ಸೊಗಸಾದ ತಪ್ಪು!

ಸುಮಾರು ನಾಲ್ಕು ನೂರು ವರ್ಷಗಳ ಬಳಿಕ ಗೇಲನ್ ಇದನ್ನು ಎರಡು ದಾರಗಳಿಂದ ಮುರಿದ. ಪೆರ್ಗಮಮ್ಮಿನ ಕಾಳಗದಾಳುಗಳಿಗೆ ವೈದ್ಯನಾಗಿದ್ದ ಅವನು ರಕ್ತ ಚಿಮ್ಮುವುದನ್ನು ಬೇಕಾದಷ್ಟು ಕಂಡವನು. ಜೀವಂತ ಪ್ರಾಣಿಯ ಅಪಧಮನಿಯೊಂದನ್ನು ಬಿಡಿಸಿ, ಎರಡು ಕಡೆ ದಾರ ಬಿಗಿದು ಕಟ್ಟಿ, ನಡುವೆ ಕೊಯ್ದ. ಯಾವ ಅಭಿಧಮನಿಯಿಂದಲೂ ರಕ್ತ ನುಗ್ಗಿಬರುವಂತಿಲ್ಲ. ಆದರೂ ನಡುವೆ ತುಂಬಿದ್ದುದು ರಕ್ತವೇ. ಅತಿ ಸಣ್ಣ ಸೂಜಿಯಿಂದ ಚುಚ್ಚಿದರೂ ಮೊದಲು ಬರುವುದು ರಕ್ತ, ಗಾಳಿಯಲ್ಲ ಎಂದು ಆ ಪಂಥದವರನ್ನು ಅವನು ಹಂಗಿಸಿದ. ಆದರೆ ಅವನೂ ಗಾಳಿಯನ್ನು ಪೂರ್ತಿ ಹೊರಹಾಕಲಿಲ್ಲ. ಅಪಧಮನಿಯಲ್ಲಿ ರಕ್ತದೊಡನೆ ನ್ಯೂಮವೂ ಬೆರೆತಿದೆ ಎಂದ. ಹೆಸರನ್ನಂತೂ ಮುಟ್ಟಲಿಲ್ಲ.

ರಕ್ತ ಸುತ್ತಿ ಬರುತ್ತದೆಂದು ತೋರಿಸಲು ಇನ್ನೂ ಸಾವಿರದ ನಾನೂರು ವರ್ಷ ಹಿಡಿಯಿತು. ಅಲ್ಲಿಯೂ ಒಂದು ಕಟ್ಟೇ ಸಾಕ್ಷಿ. ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತೋಳಿಗೆ ಪಟ್ಟಿ ಕಟ್ಟಿ ನೋಡುವ ಪರೀಕ್ಷೆಗಳಿವೆ. ಬಿಗಿಯಾಗಿ ಕಟ್ಟಿದರೆ ಮಣಿಕಟ್ಟಿನ ನಾಡಿ ನಿಲ್ಲುತ್ತದೆ, ಕೈ ತಣ್ಣಗಾಗುತ್ತದೆ. ತುಸು ಸಡಿಲಿಸಿದರೆ ನಾಡಿ ಮರಳುತ್ತದೆ, ಪಟ್ಟಿಯ ಕೆಳಗಿನ ಅಭಿಧಮನಿಗಳು ಉಬ್ಬುತ್ತವೆ. ಎಂದ ಮೇಲೆ ರಕ್ತ ಒಂದರಲ್ಲಿ ಇಳಿಯುತ್ತದೆ, ಇನ್ನೊಂದರಲ್ಲಿ ಏರುತ್ತದೆ. ರಕ್ತ ತೆಗೆಯುವ ಮುನ್ನ ದಾದಿ ನಮ್ಮ ತೋಳಿಗೆ ರಬ್ಬರಿನ ಕೊಳವೆ ಬಿಗಿಯುವಾಗ ನಡೆಯುವುದು ಹಾರ್ವೆಯ ಪರೀಕ್ಷೆಯೇ. ಒಂದರಿಂದ ಇನ್ನೊಂದಕ್ಕೆ ರಕ್ತ ದಾಟುವ ಎಡೆಯನ್ನು ಮಾತ್ರ ಅವನು ಕಾಣಲಿಲ್ಲ. ಅವನು ತೀರಿಕೊಂಡದ್ದು 1657ರಲ್ಲಿ. ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದ ಮೂಲಕ ಲೋಮನಾಳಗಳನ್ನು ಕಂಡು ಪ್ರಕಟಿಸಿದ್ದು 1661ರಲ್ಲಿ. ಎರಾಸಿಸ್ಟ್ರಾಟಸ್ ತನ್ನ ತಪ್ಪನ್ನು ಕಾಪಾಡಿಕೊಳ್ಳಲು ಕಲ್ಪಿಸಿಕೊಂಡಿದ್ದ ಕಾಣದ ಕೂಡುಬಾಯಿಗಳಂಥವು ನಿಜವಾಗಿಯೂ ಇದ್ದವು. ರಕ್ತ ಹರಿಯುತ್ತಿದ್ದ ದಿಕ್ಕು ಮಾತ್ರ ತಿರುಗುಮುರುಗು.

ದಿಕ್ಕು ಎಂದೊಡನೆ ಮೊಮ್ಮಗನ ಪ್ರಶ್ನೆಗೆ ಉತ್ತರ ಸಿಕ್ಕಿತು. 'ಅಪ' ಎಂಬ ಉಪಸರ್ಗದ ಮೊದಲ ಅರ್ಥ ಕೆಟ್ಟದ್ದು ಎಂದಲ್ಲ, ಆಚೆಗೆ, ದೂರಕ್ಕೆ ಎಂದು. ಅಪಹರಣದಲ್ಲಿರುವುದು ಆ ಅರ್ಥ. 'ಅಭಿ' ಎಂದರೆ ಕಡೆಗೆ, ಅಭಿಮುಖದಲ್ಲಿರುವಂತೆ. ಹೃದಯದಿಂದ ಆಚೆಗೆ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ಹಿಂದಿ, ತೆಲುಗು, ತಮಿಳಿನವರು ಧಮನಿ, ಸಿರಾ ಎಂಬ ಹಳೆಯ ಜೋಡಿಯನ್ನೇ ತಮ್ಮ ತಮ್ಮ ಉಚ್ಚಾರಣೆಯಲ್ಲಿ ಉಳಿಸಿಕೊಂಡರು. ಮರಾಠಿಯವರು ರೋಹಿಣೀ, ನೀಲಾ ಎಂದು ಬಣ್ಣದ ಹೆಸರು ಹಿಡಿದರು. ಸುಶ್ರುತನ ಸಿರಾಗಳ ಬಣ್ಣಗಳಲ್ಲಿ ಆ ಎರಡೂ ಇವೆ. ಕನ್ನಡದ ಜೋಡಿ ಹೇಳುವುದು ಹರಿವಿನ ದಿಕ್ಕನ್ನು. ಶುದ್ಧ ರಕ್ತನಾಳ, ಮಲಿನ ರಕ್ತನಾಳ ಎಂಬ ಹೆಸರುಗಳೂ ಇವೆಯಷ್ಟೆ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳದ ಮುಂದೆ ಅವು ಸೋಲುತ್ತವೆ, ಏಕೆಂದರೆ ಆ ಅಪಧಮನಿ ಹೊರುವುದು ಮಲಿನ ರಕ್ತವನ್ನೇ. ದಿಕ್ಕಿನ ಹೆಸರು ಅಲ್ಲಿಯೂ ಸೋಲುವುದಿಲ್ಲ. ಅಂದರೆ ನಮ್ಮ ಅಪಧಮನಿಯಲ್ಲಿ ಉಪಸರ್ಗ ಹಾರ್ವೆಯ ನಂತರದ್ದು, ಒಡಲು ವೇದಕಾಲದ್ದು. ಮುಂದಿನ ಎರಡಕ್ಷರ ಕಂಡು ತಿಳಿದದ್ದು, ಹಿಂದಿನ ಮೂರಕ್ಷರ ಊದಿದ ಗಾಳಿ. ಆದರೆ ಕಿವಿಗೆ ಅಪ, ಅಭಿ ತೀರ ಹತ್ತಿರ. ಪರೀಕ್ಷೆಯಲ್ಲಿ ಅದಲುಬದಲಾಗುವ ಮಕ್ಕಳನ್ನು ನಾನಂತೂ ದೂರಲಾರೆ.

ಇಲ್ಲಿ ಒಂದು ಆಸೆ ನಮ್ಮನ್ನು ಕಾಡುತ್ತದೆ. ಅಪಧಮನಿಯ ರಕ್ತ ಆಮ್ಲಜನಕವನ್ನು ಹೊರುವುದರಿಂದ, ಧಮನಿಯೆಂದವರಿಗೂ ಆರ್ಟೀರಿಯಾ ಎಂದವರಿಗೂ ಅದು ಮೊದಲೇ ಗೊತ್ತಿತ್ತೆಂದು ಹೇಳಿಬಿಡುವ ಆಸೆ. ಗೊತ್ತಿರಲಿಲ್ಲ. ಅಷ್ಟೇ ಅಲ್ಲ, ಆಮ್ಲಜನಕ ಎಂಬ ಹೆಸರೇ ಒಂದು ತಪ್ಪು. ಆಮ್ಲಗಳೆಲ್ಲ ಈ ಅನಿಲದಿಂದಲೇ ಹುಟ್ಟುತ್ತವೆಂದು 18ನೆಯ ಶತಮಾನದ ಲಾವಾಸಿಯೇ ನಂಬಿ ಆ ಹೆಸರಿಟ್ಟ. ಅದಿಲ್ಲದ ಆಮ್ಲಗಳಿವೆಯೆಂದು ಮುಂದೆ ತಿಳಿಯಿತು. ನಾವು ಆ ತಪ್ಪನ್ನು ನಿಷ್ಠೆಯಿಂದ ಕನ್ನಡಿಸಿಕೊಂಡೆವು.

ಮಾರನೆಯ ದಿನ ಹುಡುಗನನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಲು ಹೊರಟೆ. ಗ್ರೀಕರ ಹೆಸರುಗಳು ಬಂದೊಡನೆ ಆಕಳಿಸಿದ. ಆಗ ನನ್ನ ತೋಳಿಗೆ ಟವಲು ಕಟ್ಟಿಸಿಕೊಂಡೆ. ಮುದುಕರ ಕೈಯಾದ್ದರಿಂದ ನಾಳಗಳು ಹಗ್ಗದಂತೆ ಎದ್ದವು. ಒಂದನ್ನು ಅವನ ಬೆರಳಿನಿಂದ ಒತ್ತಿ ಹಿಡಿಸಿ, ಇನ್ನೊಂದು ಬೆರಳಿನಿಂದ ರಕ್ತವನ್ನು ಮೊಣಕೈಯ ಕಡೆಗೆ ಸವರಿಸಿದೆ. ನಾಳ ಬರಿದಾಗಿ ಚಪ್ಪಟೆಯಾಯಿತು, ಮೇಲಿನಿಂದ ಮತ್ತೆ ತುಂಬಲಿಲ್ಲ. ಒಳಗಿನ ಕವಾಟ ತಡೆಯಿತು. ಕೆಳಗೆ ಒತ್ತಿದ್ದ ಬೆರಳನ್ನು ಅವನು ಎತ್ತಿದೊಡನೆ ಸರ್ರನೆ ತುಂಬಿತು. ನಾಲ್ಕಾರು ಸಲ ಹಾಗೆಯೇ ಮಾಡಿ ನೋಡಿದ. ಆಮೇಲೆ, "ಮೇಲಕ್ಕೇ ಹೋಗುತ್ತೆ, ಹೃದಯದ ಕಡೆಗೆ. ಹಾಗಾದರೆ ಇದು ಅಭಿ" ಎಂದು ಹೇಳಿ, ಟವಲನ್ನು ಬಿಚ್ಚುವುದನ್ನೂ ಮರೆತು ಆಟಕ್ಕೆ ಓಡಿದ.