ತಾತ್ಕಾಲಿಕವಾಗಿ ಮುಚ್ಚಲಾಗಿದೆ

ಗ್ರಂಥಾಲಯದ ಬಾಗಿಲಿನಲ್ಲಿ ‘ನವೀಕರಣದ ನಿಮಿತ್ತ ತಾತ್ಕಾಲಿಕವಾಗಿ ಮುಚ್ಚಲಾಗಿದೆ’ ಎಂಬ ಫಲಕವನ್ನು ಕಂಡಾಗಲೆಲ್ಲ ‘ತಾತ್ಕಾಲಿಕ’ ಎಂಬ ಪದಕ್ಕೆ ಎಷ್ಟು ವರ್ಷಗಳ ಆಯುಷ್ಯವಿರಬಹುದೆಂದು ಯೋಚಿಸುತ್ತೇನೆ. ಈ ಪ್ರಶ್ನೆಗೆ ನ್ಯೂಯಾರ್ಕ್ ನಗರದ ಈಚಿನ ಇತಿಹಾಸದಲ್ಲಿ ಎರಡು ಉತ್ತರಗಳು ದೊರೆಯುತ್ತವೆ. ಎರಡೂ ಒಂದೇ ಸಂಸ್ಥೆಯವು, ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದವು.

ಆ ಸಂಸ್ಥೆಯೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಐದನೆಯ ಅವೆನ್ಯೂವಿನಲ್ಲಿರುವ, ಎರಡು ಕಲ್ಲಿನ ಸಿಂಹಗಳು ಕಾಯುವ ಭವ್ಯ ಕಟ್ಟಡ. 1911ರಲ್ಲಿ ಬಾಗಿಲು ತೆರೆದ ಅದು ಮುಖ್ಯವಾಗಿ ಸಂಶೋಧಕರ ತಾಣ. ಅಲ್ಲಿ ಕುಳಿತು ಓದಬೇಕು. ಪುಸ್ತಕವನ್ನು ಮನೆಗೆ ಒಯ್ಯುವ ಸಾಮಾನ್ಯ ಓದುಗರಿಗೆ ಆಧಾರವಾದದ್ದು ಶಾಖಾ ಗ್ರಂಥಾಲಯಗಳು. ಅವುಗಳಲ್ಲಿ ಎರಡರ ಕಥೆ ಇಲ್ಲಿ ಪ್ರಸ್ತುತ.

ಮೊದಲನೆಯದು 53ನೆಯ ಬೀದಿಯ ಡೊನೆಲ್ ಗ್ರಂಥಾಲಯ. 1955ರಲ್ಲಿ ಆರಂಭವಾದ ಇದು ಅನ್ಯಭಾಷಾ ಗ್ರಂಥಗಳಿಗೂ ಮಕ್ಕಳ ವಿಭಾಗಕ್ಕೂ ಹೆಸರಾಗಿತ್ತು. ವಿನ್ನಿ ದ ಪೂ ಕಥೆಗಳಿಗೆ ಮೂಲವಾದ ಗೊಂಬೆಗಳು, ಅಂದರೆ ಲೇಖಕ ಮಿಲ್ನರ ಮಗ ಕ್ರಿಸ್ಟೋಫರ್ ರಾಬಿನ್ ಆಡಿದ ಗೊಂಬೆಗಳು, ಇಲ್ಲಿ ಗಾಜಿನ ಪೆಟ್ಟಿಗೆಯಲ್ಲಿದ್ದವು. 2007ರಲ್ಲಿ ಈ ಕಟ್ಟಡವನ್ನು 5 ಕೋಟಿ 90 ಲಕ್ಷ ಡಾಲರುಗಳಿಗೆ ಒಂದು ಹೋಟೆಲ್ ಕಂಪನಿಗೆ ಮಾರುವ ಒಪ್ಪಂದ ಪ್ರಕಟವಾಯಿತು. ಹಳೆಯದನ್ನು ಕೆಡವಿ ಹೋಟೆಲು ಕಟ್ಟುವುದು, ಅದರ ಕೆಳಭಾಗದಲ್ಲಿ ಹೊಸ ಗ್ರಂಥಾಲಯಕ್ಕೆ ಸ್ಥಳ ಕೊಡುವುದು ಎಂಬುದು ಏರ್ಪಾಡು. 2008ರಲ್ಲಿ ಬಾಗಿಲು ಮುಚ್ಚಿತು. 2011ಕ್ಕೆ ತೆರೆಯುವುದೆಂಬ ಭರವಸೆಯಿತ್ತು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು, ಕಂಪನಿ ಹಿಂದೆ ಸರಿಯಿತು, ಬೀಗ ಬಿದ್ದ ಕಟ್ಟಡ ಹಾಗೆಯೇ ನಿಂತಿತು. ಪುಸ್ತಕಗಳೂ ಗೊಂಬೆಗಳೂ ಬೇರೆಡೆಗೆ ಹೋದವು. ಕೊನೆಗೆ ಇನ್ನೊಬ್ಬರು ಖರೀದಿದಾರರು ದೊರೆತು, ಹೊಸ ಗ್ರಂಥಾಲಯ ತೆರೆದದ್ದು 2016ರ ಜೂನ್‌ನಲ್ಲಿ. 97,000 ಚದರಡಿಯಿದ್ದದ್ದು 28,000 ಚದರಡಿಗೆ ಇಳಿದಿತ್ತು. ಅದರಲ್ಲೂ ಬಹುಭಾಗ ನೆಲದಡಿಯಲ್ಲಿ.

ಮೇಷ್ಟ್ರ ಲೆಕ್ಕ ಬೇರೆ ಬಗೆಯದು. 2008ರಲ್ಲಿ ಮೂರನೆಯ ತರಗತಿಯಲ್ಲಿದ್ದ ಮಗು 2016ರ ಹೊತ್ತಿಗೆ ಹೈಸ್ಕೂಲನ್ನೇ ಮುಗಿಸುವ ಹಂತಕ್ಕೆ ಬಂದಿರುತ್ತದೆ. ಆ ಮಗುವಿನ ಪಾಲಿಗೆ ಮುಚ್ಚಿದ್ದು ತಾತ್ಕಾಲಿಕವಾಗಿ ಅಲ್ಲ. ಆರ್ಥಿಕ ಕುಸಿತಕ್ಕೆ ಗ್ರಂಥಾಲಯದವರು ಹೊಣೆಯಲ್ಲ, ಒಪ್ಪುತ್ತೇನೆ. ಆದರೆ ನಿತ್ಯವೂ ಬಂದು ‘ನನ್ನ ಪುಸ್ತಕವೆಲ್ಲಿ?’ ಎಂದು ಕೇಳುವ ಓದುಗನನ್ನು ಮೊದಲೇ ಕಳುಹಿಸಿಬಿಟ್ಟ ಮೇಲೆ, ವಿಳಂಬವಾದರೆ ಯಾರಿಗೆ ಬಿಸಿ ತಟ್ಟೀತು? ನಮ್ಮ ಕಡೆಯ ಶಾಲೆಗಳಲ್ಲಿಯೂ ಸುಣ್ಣ ಬಳಿಯುವ ಕೆಲಸ ಬಂದರೆ ಮೊದಲು ಖಾಲಿಯಾಗುವುದು, ಕಡೆಗೆ ತುಂಬುವುದು ಪುಸ್ತಕದ ಕೊಠಡಿಯೇ ಅಲ್ಲವೆ!

ಎರಡನೆಯ ಕಥೆ ಮಿಡ್-ಮ್ಯಾನ್‌ಹಟನ್ ಗ್ರಂಥಾಲಯದ್ದು. ಸಿಂಹಗಳ ಕಟ್ಟಡದಿಂದ ರಸ್ತೆ ದಾಟಿದರೆ ಸಿಗುವ ಇದು 1970ರಲ್ಲಿ ಹಳೆಯ ಬಟ್ಟೆ ಮಳಿಗೆಯೊಂದರಲ್ಲಿ ಆರಂಭವಾಯಿತು. ಇದನ್ನೂ ಮಾರಿ, ಮುಖ್ಯ ಕಟ್ಟಡದೊಳಗಿನ ಪುಸ್ತಕದ ಕಪಾಟುಗಳನ್ನು ತೆರವು ಮಾಡಿ, ಅಲ್ಲಿಯೇ ಎರವಲು ವಿಭಾಗವನ್ನು ಕೂಡಿಸುವ ಯೋಜನೆಯೊಂದಿತ್ತು. ವಿದ್ವಾಂಸರು ಪ್ರತಿಭಟಿಸಿದರು, 2013ರಲ್ಲಿ ನ್ಯಾಯಾಲಯಕ್ಕೂ ಹೋದರು. 2014ರ ಮೇ ತಿಂಗಳಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಅದೇ ತಿಂಗಳು ಒಂದು ರಾತ್ರಿ ಮುಖ್ಯ ಕಟ್ಟಡದ ದೊಡ್ಡ ವಾಚನಾಲಯದ ಛಾವಣಿಯಿಂದ ಗಾರೆಯ ಹೂವಿನ ಅಲಂಕಾರವೊಂದು ಕಳಚಿ ಬಿತ್ತು! ಪುಣ್ಯಕ್ಕೆ ಆಗ ಅಲ್ಲಿ ಯಾರೂ ಇರಲಿಲ್ಲ. ಐವತ್ತೆರಡು ಅಡಿ ಎತ್ತರದಲ್ಲಿದ್ದ ಅಂಥ ಸುಮಾರು 900 ಹೂವುಗಳನ್ನು ಪರೀಕ್ಷಿಸಿ ಉಕ್ಕಿನ ತಂತಿಗಳಿಂದ ಬಿಗಿಯುವ ಕೆಲಸ ನಡೆದು, ವಾಚನಾಲಯ ಮತ್ತೆ ತೆರೆದದ್ದು 2016ರ ಅಕ್ಟೋಬರ್ 5ರಂದು. ಅಲ್ಲಿಯವರೆಗೂ ಕಟ್ಟಡದ ಇತರ ಭಾಗಗಳು ಓದುಗರಿಗೆ ತೆರೆದೇ ಇದ್ದವು.

ಮಿಡ್-ಮ್ಯಾನ್‌ಹಟನ್ ಶಾಖೆಯನ್ನು ನವೀಕರಣಕ್ಕಾಗಿ ಮುಚ್ಚಿದ್ದು 2017ರ ಆಗಸ್ಟ್‌ನಲ್ಲಿ. ಈ ಸಲ ಓದುಗರನ್ನು ಬೀದಿಯಲ್ಲಿ ಬಿಡಲಿಲ್ಲ. ಸಿಂಹಗಳ ಕಟ್ಟಡದೊಳಗೇ ಎರವಲು ಸೇವೆಗೆ ಜಾಗ ಮಾಡಿದರು. ಸಂಗ್ರಹವೆಲ್ಲವೂ ಹಿಡಿಸುವಷ್ಟು ಸ್ಥಳ ಅಲ್ಲಿರಲಿಲ್ಲ. ಆಯ್ದ ಪುಸ್ತಕಗಳು ಮಾತ್ರ ಬಂದವು. ಆದರೂ ಪುಸ್ತಕ ಹಿಂದಿರುಗಿಸಲು ಬಂದವನು ರಸ್ತೆ ದಾಟಿ ಇನ್ನೊಂದನ್ನು ಒಯ್ಯಬಹುದಾಗಿತ್ತು. ಓದುವ ಅಭ್ಯಾಸ ಉಳಿಯಲು ಅಷ್ಟು ಸಾಕು ಎಂಬುದು ನನ್ನ ಅನುಭವ.

ಸುಮಾರು 20 ಕೋಟಿ ಡಾಲರುಗಳ ಆ ಕೆಲಸವೂ ಅಂದುಕೊಂಡ ದಿನಕ್ಕೆ ಮುಗಿಯಲಿಲ್ಲ. 2020ರ ವಸಂತದಲ್ಲಿ ತೆರೆಯಬೇಕೆನ್ನುವಷ್ಟರಲ್ಲಿ ಕೋವಿಡ್ ಬಂದು ನಗರದ ಗ್ರಂಥಾಲಯಗಳೆಲ್ಲ ಮುಚ್ಚಿದವು. ಜುಲೈನಲ್ಲಿ, ಮೊದಲೇ ಕೋರಿದ ಪುಸ್ತಕವನ್ನು ಪಡೆದು ಹೊರಡುವಷ್ಟು ಮಾತ್ರ ಅವಕಾಶ ದೊರೆಯಿತು. 2021ರ ಜೂನ್‌ನಲ್ಲಿ ಪೂರ್ಣವಾಗಿ ತೆರೆಯಿತು. ಈಗ ಅದಕ್ಕೆ ಸ್ಟಾವ್ರೋಸ್ ನಿಯಾರ್ಕೋಸ್ ಪ್ರತಿಷ್ಠಾನದ ಹೆಸರು. ನಾಲ್ಕು ಲಕ್ಷ ಪುಸ್ತಕಗಳಿಗೆ ಅಲ್ಲಿ ಸ್ಥಳವಿದೆ. ಮಹಡಿಯ ಮೇಲಿನ ತಾರಸಿಗೆ ಯಾರು ಬೇಕಾದರೂ ಹೋಗಬಹುದು, ಶುಲ್ಕವಿಲ್ಲ.

ಡೊನೆಲ್‌ನಿಂದ ಹೊರಟ ಆ ಗೊಂಬೆಗಳು ಸಿಂಹಗಳ ಕಟ್ಟಡ ಸೇರಿದವು. 53ನೆಯ ಬೀದಿಗೆ ಮರಳಲಿಲ್ಲ.